ಚಿಪ್ಪುಗಳು ಬಿಟ್ಟುಕೊಟ್ಟ ಜಾಗ

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ನಂಬುವವರನ್ನು ಕಂಡರೆ ನಗುವವಳು. ರಾಯದುರ್ಗದ ನನ್ನ ಟೈಲರಿಂಗ್ ಅಂಗಡಿಗೆ ಬರುವ ಹೆಂಗಸರು ಬ್ಲೌಸಿನ ಅಳತೆ ಕೊಡುತ್ತಾ ಕೊಡುತ್ತಾ ಯಾರ ಮನೆ ಹುಣಸೆಮರದಲ್ಲಿ ಏನು ಕಂಡಿತು, ಯಾರ ಸೊಸೆಯ ಮೈಮೇಲೆ ಯಾರು ಬಂದರು ಅಂತ ಶುರುಮಾಡಿದರೆ, "ಕೈ ಮ್ಯಾಲೆತ್ರಿ, ಟೇಪು ಜಾರ್ತೈತಿ" ಅಂತ ಅಲ್ಲಿಗೇ ಬಾಯಿ ಮುಚ್ಚಿಸುತ್ತಿದ್ದೆ. ಅಂಥವಳು ಇವತ್ತು ನಾನೇ ಒಂದು ಕಥೆ ಹಿಡಿದುಕೊಂಡು ನಿಮ್ಮ ಮುಂದೆ ಕೂತಿದ್ದೇನೆ. ನಗುವುದಾದರೆ ನಗಿ, ನನಗೇನೂ ಬೇಜಾರಿಲ್ಲ. ನನ್ನ ಪಾಡಿಗೆ ನನಗೆ ಅರ್ಥವಾಗದ್ದನ್ನು ಅರ್ಥವಾಗದಂತೆಯೇ ಹೇಳುತ್ತೇನೆ.

ಇಂಥ ಸಂಗತಿಗಳು ನಡುರಾತ್ರಿ ನಡೆಯಬೇಕು, ನಾಯಿ ಊಳಿಡಬೇಕು ಅಂತ ನಾನೂ ಅಂದುಕೊಂಡಿದ್ದೆ. ನನಗೆ ನಡೆದದ್ದು ಮಟಮಟ ಮಧ್ಯಾಹ್ನ, ಬೀದಿಯಲ್ಲಿ ಈರುಳ್ಳಿ ಮಾರುವವನು ಕೂಗಿಕೊಂಡು ಹೋಗುತ್ತಿದ್ದಾಗ.

ನನ್ನ ತವರು ತೆಲುಗು ಗಡಿಯೊಳಗಿನ ಮಡಕಶಿರದ ಕಡೆ, ಅಲ್ಲಿನ ಗುಡಿಬಂಡೆಗೆ ಹತ್ತಿರದ ಒಂದು ಹಳ್ಳಿ. ಕಡಲೆಕಾಯಿ, ರಾಗಿ, ಬೋರಿನ ನೀರಿದ್ದಲ್ಲಿ ಹಿಪ್ಪುನೇರಳೆ. ಮನೆಯಲ್ಲಿ ಅರ್ಧ ನಾವು, ಅರ್ಧ ರೇಷ್ಮೆ ಹುಳು. ಹುಳು ಸೊಪ್ಪು ತಿನ್ನುವ ಚರಚರ ಸದ್ದು ಕೇಳುತ್ತಲೇ ನಾನೂ ನನ್ನ ತಂಗಿ ಮಂಜುಳಾಳೂ ನಿದ್ದೆ ಹೋಗುತ್ತಿದ್ದೆವು. ಮದುವೆಯಾಗಿ ಬಂದದ್ದು ರಾಯದುರ್ಗದ ಟೈಲರ್ ಮನೆತನಕ್ಕೆ. ನಮ್ಮ ಮನೆಯವರು ಜೀನ್ಸ್ ಹೊಲಿಯುವ ಕಡೆ ಕಟಿಂಗ್ ಕೆಲಸಕ್ಕೆ ಹೋಗುತ್ತಾರೆ. ಮನೆಯ ಮುಂದಿನ ಕೋಣೆಯಲ್ಲಿ ನನ್ನ ಅಂಗಡಿ, ಬ್ಲೌಸು ಮತ್ತು ಮಕ್ಕಳ ಬಟ್ಟೆ. ಕೆಲಸ ಕಲಿಸಿದವರು ನಮ್ಮತ್ತೆ. ಅವರದೊಂದು ಕಟ್ಟುನಿಟ್ಟು ಇತ್ತು. ಮಕ್ಕಳ ಬಟ್ಟೆ ಕತ್ತರಿಸುವಾಗ ಅಳತೆಗೆ ಸರಿಯಾಗಿ ಕತ್ತರಿಸಬಾರದು, ಹೊಲಿಗೆಯ ಒಳಗೆ ಎರಡು ಬೆರಳಾದರೂ ಬಟ್ಟೆ ಬಿಡಬೇಕು. ಮುಂದಿನ ವರ್ಷ ಹೊಲಿಗೆ ಬಿಚ್ಚಿ ದೊಡ್ಡದು ಮಾಡಲಿಕ್ಕೆ. "ಬೆಳೆಯೋ ಕೂಸು ಅದು, ಅಳತಿಗೆ ಸರಿ ಕತ್ತರಿಸಿದ್ರ ಬೆಳಿಬ್ಯಾಡ ಅಂದಂಗಾತು" ಅನ್ನುತ್ತಿದ್ದರು. ಬಟ್ಟೆ ಉಳಿಸುವ ಬುದ್ಧಿಗೆ ಅತ್ತೆ ಒಂದು ನೆವ ಹೇಳುತ್ತಾರೆ ಅಂತ ನಾನು ಒಳಗೊಳಗೇ ನಗುತ್ತಿದ್ದೆ.

ಅತ್ತೆ ಹೋದ ಮೇಲೆ ಹಳೆಯ ಮರದ ಮೇಜು ಗೆದ್ದಲು ಹಿಡಿಯಿತು. ಬಟ್ಟೆ ಕತ್ತರಿಸಲು ಬೇರೆ ಮೇಜು ಬೇಕಿತ್ತು. ಅದೇ ಹೊತ್ತಿಗೆ ಪಕ್ಕದ ಬೀದಿಯಲ್ಲಿ ಒಬ್ಬರು ದೊಡ್ಡ ಮನೆ ಕಟ್ಟುತ್ತಿದ್ದರು. ಹಾಲಿನ ನೆಲಕ್ಕೆ ರಾಜಸ್ಥಾನದಿಂದ ಹಳದಿ ಬಣ್ಣದ ಪಾಲಿಶ್ ಕಲ್ಲು ತರಿಸಿದ್ದರು. ಅದರಲ್ಲೊಂದು ಚಪ್ಪಡಿ ಮೂಲೆ ಒಡೆದು ಗೋಡೆಗೆ ಒರಗಿಕೊಂಡಿತ್ತು. ಬೇಡದ್ದು ಅಂತ ಕೊಟ್ಟರು. ನಮ್ಮ ಮನೆಯವರು ಕಬ್ಬಿಣದ ಕಾಲು ಮಾಡಿಸಿ ಅದನ್ನೇ ಮೇಜು ಮಾಡಿದರು.

ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ನೋಡಿದೆ. ಕಲ್ಲಿನ ತುಂಬ ಏನೇನೋ ಚಿತ್ತಾರ. ಜೇನುಗೂಡಿನ ಕಣ್ಣಿನಂಥವು, ಅರ್ಧಚಂದ್ರದಂಥ ಚಿಪ್ಪುಗಳು, ಶರ್ಟಿನ ಗುಂಡಿಯಂಥ ಪುಟ್ಟ ಬಿಲ್ಲೆಗಳು, ಸುರುಳಿ ಸುತ್ತಿದ ಬಸವನಹುಳುಗಳು. ಒಂದರ ಬೆನ್ನಿಗೆ ಒಂದು ಒತ್ತಿಕೊಂಡು, ಬೆರಳಿಡಲು ಜಾಗವಿಲ್ಲದಂತೆ ತುಂಬಿಕೊಂಡಿದ್ದವು. ನನ್ನ ಬಲಗೈ ಕಡೆಯ ಮೂಲೆಯಲ್ಲಿ ಒಂದು ದೊಡ್ಡ ಬಸವನಹುಳು ಇತ್ತು. ನಮ್ಮ ಮನೆಯವರು ಅಂಗಡಿಗೆ ಬಂದರೆ ಚಹಾದ ಲೋಟ ಇಡುತ್ತಿದ್ದದ್ದು ಸರಿಯಾಗಿ ಅದರ ಮೇಲೆಯೇ. ಎಷ್ಟು ಬೈದರೂ ಬಿಡಲಿಲ್ಲ. ಕೊನೆಗೆ ಅದರ ಸುತ್ತ ಲೋಟದ ತಳದ ಕಂದು ಕಲೆ ಒಂದು ಬಳೆಯ ಹಾಗೆ ಕೂತುಬಿಟ್ಟಿತು.

ಅದು ಏನೆಂದು ಹೇಳಿದವರು ಒಬ್ಬ ಕಾಲೇಜು ಮೇಡಂ. ಭೂಮಿಯ ಕಲ್ಲು ಮಣ್ಣಿನ ಪಾಠ ಮಾಡುವವರು, ಬಳ್ಳಾರಿ ಕಡೆಯವರು. ಬ್ಲೌಸ್ ಕೊಡಲು ಬಂದವರು ಬ್ಲೌಸ್ ಮರೆತು ಕಲ್ಲಿನ ಮೇಲೆ ಬಗ್ಗಿಬಿಟ್ಟರು.

"ಇದು ಬರೇ ಕಲ್ಲಲ್ರಿ, ಒಂದು ಊರು" ಅಂದರು. "ಕೋಟ್ಯಂತರ ವರ್ಷದ ಹಿಂದೆ ಸಮುದ್ರದೊಳಗ ಹವಳದ ದಿಬ್ಬ ಇತ್ತು. ಇವೆಲ್ಲಾ ಅದರಾಗ ಬದುಕಿದ್ದ ಪ್ರಾಣಿಗಳು. ಸತ್ತವುಗಳ ಮ್ಯಾಲೆ ಬದುಕಿದ್ದವು ಮನಿ ಕಟ್ಟತಾವ, ಅವು ಸತ್ತ ಮ್ಯಾಲೆ ಇನ್ನೊಂದು. ಅಲ್ಲಿ ಜಗಳ ಅಂದ್ರ ಜಾಗಕ್ಕೇ ಜಗಳ ನೋಡ್ರಿ. ಇಷ್ಟು ಖಾಲಿ ಬಿತ್ತಂದ್ರ ಸಾಕು, ಯಾವುದಾರ ಒಂದು ಬಂದು ಕೂತೇ ಕೂಡತೈತಿ."

ಸಮುದ್ರ ನೋಡದ ಊರಲ್ಲಿ ಹುಟ್ಟಿ ಸಮುದ್ರ ನೋಡದ ಊರಿಗೆ ಸೇರಿದವಳು ನಾನು. ಸಮುದ್ರದ ಮೇಲೆಯೇ ಬಟ್ಟೆ ಕತ್ತರಿಸುತ್ತಿದ್ದೇನಲ್ಲ ಅಂತ ಖುಷಿಯಾಯಿತು. ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು.

ಇನ್ನು ತಂಗಿಯ ವಿಷಯ ಹೇಳಬೇಕು. ಮಂಜುಳಾಳನ್ನು ಕೊಟ್ಟದ್ದು ತವರಿನ ಪಕ್ಕದ ಹಳ್ಳಿಗೇ. ಎರಡು ಸಲ ಬಸಿರು ನಿಂತು ಎರಡು ಸಲವೂ ಉಳಿಯಲಿಲ್ಲ. ಎರಡನೆಯದು ಹುಟ್ಟಿ, ಕಣ್ಣು ಬಿಡದೆ ಹೋಯಿತು. ಅವಳ ಗಂಡ ಒಳ್ಳೆಯವನು, ಒಂದು ಮಾತು ಆಡಲಿಲ್ಲ. ಊರಿನವರು ಆಡಿದರು. ಮೂರನೆಯ ಸಲ ಬಸಿರಾದಾಗ ನಮ್ಮಮ್ಮ ನನಗೆ ಫೋನಿನಲ್ಲಿ ಖಡಕ್ಕಾಗಿ ಹೇಳಿದ್ದಳು: "ನೀನು ಟೈಲರು ಅಂತ ಹೊಸ ಬಟ್ಟೆ ಹೊಲಿಯೋಕೆ ಕೂತ್ಕೋಬೇಡ ಕಣೆ. ಕೂಸು ಹುಟ್ಟಿ ಅತ್ತ ಮೇಲೆ ಹಳೇ ಸೀರೆ ತುಂಡು ಸುತ್ತಾದು, ಆಮೇಲೆ ಹೊಸದು." ನಮ್ಮ ಕಡೆ ಇದು ಎಲ್ಲರೂ ನಡೆಸುವ ಪದ್ಧತಿ. ನಾನು ಆಯ್ತಮ್ಮ ಅಂದೆ. ಮನಸ್ಸಿನಲ್ಲಿ, ಬಟ್ಟೆಗೂ ಕೂಸಿಗೂ ಏನು ಸಂಬಂಧ ಅಂದುಕೊಂಡೆ.

ಅವಳಿಗೆ ಎಂಟನೆಯ ತಿಂಗಳು. ಆ ಮಧ್ಯಾಹ್ನ ಕರೆಂಟು ಹೋಯಿತು. ನಮ್ಮ ಬೀದಿಯಲ್ಲಿ ಕರೆಂಟು ಹೋದರೆ ಎಲ್ಲ ಮನೆಯ ಮಿಷನ್ನುಗಳೂ ಒಟ್ಟಿಗೇ ಸುಮ್ಮನಾಗುತ್ತವೆ. ಬೇಸರ ಕಳೆಯಲು ಚೂರು ಬಟ್ಟೆಯ ಗಂಟು ಬಿಚ್ಚಿದೆ. ತುಂಬಾ ಮೆತ್ತನೆಯ ಬಿಳಿ ಮಲ್ ಬಟ್ಟೆಯ ತುಂಡೊಂದು ಸಿಕ್ಕಿತು. ಕೈಯಲ್ಲಿ ಹಿಡಿದರೆ ಬೆಣ್ಣೆ. ಹಸುಗೂಸಿಗೆ ಒಂದು ಅಂಗಿಗೆ ಸರಿಯಾಗಿತ್ತು. ಹೊಲಿಯುವುದು ಹೆತ್ತ ಮೇಲಾಯಿತು, ಕತ್ತರಿಸಿ ಇಟ್ಟರೆ ಯಾರಪ್ಪನ ಗಂಟು ಹೋಗುತ್ತದೆ ಅಂದುಕೊಂಡು ಕಲ್ಲಿನ ಬಲಮೂಲೆಯಲ್ಲಿ ಬಟ್ಟೆ ಹಾಸಿ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಎಳೆ ಚರ್ಮಕ್ಕೆ ದಪ್ಪ ಹೊಲಿಗೆ ಚುಚ್ಚೀತು ಅಂತ ಒಳಗೆ ಬಟ್ಟೆ ಬಿಡಲೇ ಇಲ್ಲ, ಅಳತೆಗೆ ಸರಿಯಾಗಿ ಕತ್ತರಿಸಿದೆ. ಪುಟ್ಟ ಭುಜ, ಪುಟ್ಟ ತೋಳು. ಎತ್ತಿ ನೋಡಿ ನನಗೇ ಮುದ್ದು ಬಂತು.

ಆಮೇಲೆ ಕಲ್ಲಿನ ಕಡೆ ನೋಡಿದೆ.

ಬಟ್ಟೆ ಇದ್ದ ಜಾಗದಲ್ಲಿ ಒಂದು ಚಿಪ್ಪೂ ಇರಲಿಲ್ಲ. ಒಂದು ಗುಂಡಿ, ಒಂದು ಜೇನುಕಣ್ಣು ಇರಲಿಲ್ಲ. ಬರೀ ಹಳದಿ ಕಲ್ಲು, ನುಣ್ಣಗೆ. ಅದರ ಆಕಾರ ನನ್ನ ಕೈಯಲ್ಲಿದ್ದ ಅಂಗಿಯ ಆಕಾರ. ಭುಜ, ಎರಡು ಕಡೆ ಚಾಚಿದ ತೋಳು, ಕೆಳಗೆ ಸ್ವಲ್ಪ ಅಗಲವಾದ ಅಂಚು. ಸೀಮೆಸುಣ್ಣದ ಪುಡಿ ಇರಬೇಕೆಂದು ಒರೆಸಿದೆ. ಸೆರಗು ಒದ್ದೆ ಮಾಡಿ ಉಜ್ಜಿದೆ. ಹೋಗಲಿಲ್ಲ. ಅಲ್ಲಿದ್ದ ಪ್ರಾಣಿಗಳೆಲ್ಲ ಅಂಚಿನ ಸುತ್ತ ಮೊದಲಿಗಿಂತ ಒತ್ತೊತ್ತಾಗಿ ಕೂತಿದ್ದವು. ಬಸ್ಸಿನಲ್ಲಿ ಬಸುರಿ ಹತ್ತಿದಾಗ ಸೀಟಿನಲ್ಲಿದ್ದವರು ಸರಿದು ಜಾಗ ಮಾಡಿಕೊಡುತ್ತಾರಲ್ಲ, ಹಾಗೆ.

ಕೈಯಿಟ್ಟು ನೋಡಿದೆ. ತಣ್ಣಗಿತ್ತು. ಅದು ಕಲ್ಲಿನ ಗುಣ. ಆದರೆ ಬೀದಿಯಲ್ಲಿ ಈರುಳ್ಳಿಯವನ ಕೂಗು ದೂರವಾದ ಮೇಲೆ ಒಂದು ಸದ್ದು ಕೇಳಿಸಿತು. ಕಿವಿ ಹತ್ತಿರ ಒಯ್ದೆ. ಚರಚರ, ಚರಚರ. ಸೊಪ್ಪಿನ ಮೇಲೆ ಹುಳು ಮೇಯುವ ಸದ್ದು. ಹುಟ್ಟಿದಾಗಿನಿಂದ ಕೇಳಿದ ಸದ್ದು ಅದು, ನನಗೆ ತಪ್ಪುವುದು ಸಾಧ್ಯವಿಲ್ಲ. ರಾಯದುರ್ಗದ ಆ ಕೋಣೆಯಲ್ಲಿ ಹುಳುವೂ ಇರಲಿಲ್ಲ, ಸೊಪ್ಪೂ ಇರಲಿಲ್ಲ. ಮೇಡಂ ಹೇಳಿದ ಮಾತು ನೆನಪಾಯಿತು. ಇಷ್ಟು ಜಾಗ ಖಾಲಿ ಬಿದ್ದರೆ ಯಾವುದಾದರೂ ಬಂದು ಕೂತೇ ಕೂರುತ್ತದೆ. ಕತ್ತರಿಸಿದ ತುಂಡುಗಳನ್ನು ಡ್ರಾಯರಿನೊಳಗೆ ತಳ್ಳಿ ಮುಚ್ಚಿದೆ.

ಊಟಕ್ಕೆ ಬಂದ ನಮ್ಮ ಮನೆಯವರಿಗೆ ತೋರಿಸಿದೆ. "ಮೊದ್ಲಿಂದ್ಲೂ ಹಂಗೇ ಇದ್ದಿರ್ಬೇಕ ಬಿಡೇ, ನೀನು ಬಟ್ಟಿ ನೋಡ್ತೀ, ಕಲ್ಲು ಯಾವಾಗ ನೋಡಿದ್ದಿ" ಅಂತ ನಕ್ಕರು. ನಗುತ್ತಾ ನೀರು ಕುಡಿದ ಲೋಟ ಇಡಲು ಕೈ ಚಾಚಿದವರು ಅಲ್ಲೇ ತಡೆದರು. ಬಳೆಯಂಥ ಕಂದು ಕಲೆ ಅಲ್ಲೇ ಇತ್ತು. ಅದರೊಳಗೆ ಬಸವನಹುಳು ಇರಲಿಲ್ಲ. ಲೋಟ ಕೈಯಲ್ಲೇ ಹಿಡಿದುಕೊಂಡು, "ಇಲ್ಲಿತ್ತಲ್ಲೇ ಅದು" ಅಂದರು. ಆಮೇಲೆ ಊಟ ಮಾಡಲಿಲ್ಲ.

ನಾನು ಆ ಸಂಜೆಯೇ ಬಸ್ಸು ಹತ್ತಿದೆ. ಕಲ್ಯಾಣದುರ್ಗದಲ್ಲಿ ಬದಲಿಸಿ, ಪಾವಗಡದ ಮೇಲೆ ಮಡಕಶಿರಕ್ಕೆ ಹೋಗಿ, ಅಲ್ಲಿಂದ ಕೊನೆಯ ಆಟೋ ಹಿಡಿದು ತಂಗಿಯ ಮನೆ ಮುಟ್ಟಿದೆ. ನೋಡಿದರೆ ಮಹಾರಾಯ್ತಿ ಕಾಲು ಚಾಚಿ ಕೂತು ಕಡಲೆಕಾಯಿ ಸುಲಿಯುತ್ತಿದ್ದಾಳೆ! "ಏನಕ್ಕಾ, ಹೇಳ್ದೆ ಕೇಳ್ದೆ ಬಂದ್ಬಿಟ್ಟೆ? ಭಾವ ಏನಾದ್ರೂ ಅಂದ್ರಾ?" ಅಂತ ನಕ್ಕಳು. ಅವಳ ಗಂಡ ರೇಷ್ಮೆ ಗೂಡು ಮಾರಲು ಹಿಂದೂಪುರದ ಮಾರುಕಟ್ಟೆಗೆ ಹೋಗಿದ್ದ, ಬರುವುದು ಮರುದಿನ. ಮನೆಯಲ್ಲಿ ಅವಳೂ, ಕಣ್ಣು ಸರಿಯಾಗಿ ಕಾಣದ ಅವಳ ಅತ್ತೆಯೂ ಇಬ್ಬರೇ. ಸುಮ್ಮನೆ ನೋಡಬೇಕನ್ನಿಸಿತು ಅಂದೆ. ನನ್ನ ಹುಚ್ಚಿಗೆ ನಾನೇ ನಾಚಿಕೊಂಡು ಅವಳ ಪಕ್ಕ ಮಲಗಿದೆ.

ಬೆಳಗಿನ ಜಾವ ಅವಳು ನನ್ನ ತೋಳು ಹಿಡಿದು ಎಬ್ಬಿಸಿದಳು. ಹಾಸಿಗೆಯೆಲ್ಲ ರಕ್ತ. ಊರೊಳಗೆ ಓಡಿ ಆಟೋದವನ ಬಾಗಿಲು ಬಡಿದು, ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮಡಕಶಿರದ ಆಸ್ಪತ್ರೆಗೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಹಿಂದೂಪುರಕ್ಕೆ. ದಾರಿಯುದ್ದಕ್ಕೂ ಅವಳು, "ಇದೂ ಹೋಗ್ತೈತಾ ಅಕ್ಕಾ?" ಅಂತ ಒಂದೇ ಮಾತು ಕೇಳುತ್ತಿದ್ದಳು. ನನಗೆ ಕಣ್ಣ ಮುಂದೆ ಆ ಖಾಲಿ ಜಾಗ ಒಂದೇ. ಹೆಣ್ಣು ಮಗು ಹುಟ್ಟಿತು, ಅಂಗೈಯಷ್ಟು. ತುಂಬಾ ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಇನ್ನೊಂಚೂರು ತಡವಾಗಿದ್ದರೆ ತಾಯಿ ಮಗು ಇಬ್ಬರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರಮ್ಮ ತೆಲುಗಿನಲ್ಲಿ ಹೇಳಿದಾಗ ನಮ್ಮಮ್ಮ ನನ್ನ ಕೈ ಹಿಡಿದುಕೊಂಡು ಅತ್ತಳು. ನೀನು ಬಂದದ್ದು ದೇವರು ಕಳಿಸಿದಂತಾಯಿತು ಅಂದಳು. ಯಾರು ಕಳಿಸಿದರೋ ನನಗೆ ಗೊತ್ತಿಲ್ಲ.

ಮಗುವಿಗೆ ಭಾಗ್ಯ ಎಂದು ಹೆಸರಿಟ್ಟರು. ಅದು ಮನೆಗೆ ಬಂದ ಮೇಲೆ ನಾನು ರಾಯದುರ್ಗಕ್ಕೆ ಮರಳಿದೆ. ಮಲ್ ಬಟ್ಟೆಯ ಆ ತುಂಡುಗಳು ಡ್ರಾಯರಿನಲ್ಲಿದ್ದವು. ತೆಗೆದು ಕಲ್ಲಿನ ಖಾಲಿ ಜಾಗದ ಮೇಲೆ ಇಟ್ಟು ನೋಡಿದೆ. ಬಟ್ಟೆ ಚಿಕ್ಕದಾಗಿತ್ತು. ಸುತ್ತ ಒಂದು ಬೆರಳಿನಷ್ಟು ಕಲ್ಲು ಹೆಚ್ಚಿಗೆ ಕಾಣುತ್ತಿತ್ತು.

ನೀವು ಕೇಳಬಹುದು, ಆ ಕಲ್ಲನ್ನು ಒಡೆದು ಎಸೆಯಬಾರದಿತ್ತೇ ಅಂತ. ನಮ್ಮ ಮನೆಯವರು ಸುತ್ತಿಗೆ ತಂದೇಬಿಟ್ಟಿದ್ದರು. ನಾನೇ ಅಡ್ಡ ನಿಂತೆ. ಆ ಜಾಗ ಮಗುವಿಗಾಗಿ ಇದ್ದರೆ, ಅದನ್ನು ಒಡೆದರೆ ಮಗುವಿಗೆ ಏನಾದರೂ ಆದರೆ? ಆಗುವುದಿಲ್ಲ ಎಂದು ಬರೆದುಕೊಡುವವರು ಯಾರು? ಅವರು ಸುತ್ತಿಗೆ ಮೂಲೆಗಿಟ್ಟು ಮತ್ತೆ ಆ ಮಾತೆತ್ತಲಿಲ್ಲ. ಅಂಗಡಿಯಲ್ಲಿ ಚಹಾ ಕುಡಿಯುವುದನ್ನೂ ಬಿಟ್ಟರು.

ಮಗು ಬೆಳೆಯಿತು, ಆ ಜಾಗವೂ ಬೆಳೆಯಿತು. ನಾನು ಟೇಪು ಹಿಡಿಯುವವಳು, ಕಣ್ಣಂದಾಜು ಹೇಳುವವಳಲ್ಲ. ಪ್ರತಿ ಯುಗಾದಿಗೆ ಭಾಗ್ಯಳಿಗೆ ಲಂಗ ಬ್ಲೌಸು ಹೊಲಿದು ಕಳಿಸುತ್ತೇನೆ. ಎರಡನೆಯ ವರ್ಷ ತಂಗಿ ಫೋನಿನಲ್ಲಿ ಅಳತೆ ಹೇಳಿದಾಗ, ಸುಮ್ಮನೆ ಕಲ್ಲಿನ ಮೇಲೂ ಟೇಪು ಇಟ್ಟೆ. ಭುಜ ಸರಿ. ತೋಳು ಸರಿ. ಎದೆ ಸರಿ. ಮೂರನೆಯ ವರ್ಷದಿಂದ ನಾನು ಅಳತೆ ಕೇಳುವುದನ್ನೇ ಬಿಟ್ಟೆ. ದೂರದಲ್ಲಿದ್ದೂ ಅಷ್ಟು ಸರಿಯಾಗಿ ಹೇಗೆ ಹೊಲಿಯುತ್ತೀ ಎಂದು ತಂಗಿಗೆ ಆಶ್ಚರ್ಯ. ಕೈ ಪಳಗಿದೆ ಅಂದೆ. ಅವಳಿಗೆ ಇವತ್ತಿಗೂ ಏನೂ ಗೊತ್ತಿಲ್ಲ.

ಒಂದು ದಸರಾ ರಜೆಗೆ ತಂಗಿ ಮಗುವನ್ನು ಕರೆದುಕೊಂಡು ಬಂದಿದ್ದಳು. ಆಗ ಭಾಗ್ಯಳಿಗೆ ಮಾತು ಸ್ಪಷ್ಟವಾಗಿ ಬರುತ್ತಿತ್ತು, ಒಂದು ಕ್ಷಣ ಸುಮ್ಮನಿರದ ಪುಟಾಣಿ. ನಾನು ಯಾರದೋ ಬ್ಲೌಸಿಗೆ ಹುಕ್ಕು ಹಾಕುತ್ತಿದ್ದೆ. ತಿರುಗಿ ನೋಡುವಷ್ಟರಲ್ಲಿ ಸ್ಟೂಲು ಹತ್ತಿ ಕಲ್ಲಿನ ಮೇಲೆ ಮಲಗಿಬಿಟ್ಟಿದ್ದಾಳೆ. ಎರಡೂ ಕೈ ಚಾಚಿ, ಸರಿಯಾಗಿ ಅದೇ ಜಾಗದಲ್ಲಿ. ಒಂದು ಕೂದಲೆಳೆ ಆಚೆ ಈಚೆ ಇರಲಿಲ್ಲ. ಕೆನ್ನೆಯನ್ನು ಚಿಪ್ಪುಗಳಿಗೆ ಒತ್ತಿಕೊಂಡು ಕಣ್ಣು ಮುಚ್ಚಿದ್ದಳು. "ದೊಡ್ಡಮ್ಮ, ಹುಳ ಸೊಪ್ಪು ತಿಂತಾವೆ, ಕೇಳು" ಅಂದಳು.

ಆ ಸದ್ದಿನ ವಿಷಯ ನಾನು ಯಾರಿಗೂ ಹೇಳಿರಲಿಲ್ಲ, ನಮ್ಮ ಮನೆಯವರಿಗೂ. ಮಗುವನ್ನು ಎಳೆದು ಎತ್ತಿಕೊಂಡ ರಭಸಕ್ಕೆ ಅದು ಹೆದರಿ ಅಳತೊಡಗಿತು. ಒಳಗಿನಿಂದ ಬಂದ ತಂಗಿ, "ಯಾಕಕ್ಕ ಹಂಗೆ ಎಳೀತೀಯಾ? ಕಲ್ಲೇನು ಕಚ್ಚುತ್ತಾ?" ಅಂತ ಮುನಿಸಿಕೊಂಡಳು. ಅವತ್ತಿನಿಂದ ಮಗು ಬಂದಾಗಲೆಲ್ಲ ಅಂಗಡಿಗೆ ಬೀಗ.

ಮೇಡಂಗೂ ಒಮ್ಮೆ ಹೇಳಿದೆ. ಅವರು ನಗಲಿಲ್ಲ, ಒಳ್ಳೆಯ ಹೆಂಗಸು. ಅಂಥ ಕಲ್ಲುಗಳಲ್ಲಿ ಹೀಗೆ ಬರಿದಾದ ತೇಪೆಗಳು ಇರುವುದುಂಟಂತೆ, ಸಮುದ್ರದ ಕೆಸರು ತುಂಬಿಕೊಂಡ ಕುಣಿಗಳಂತೆ. ಕಲ್ಲಾದ ಮೇಲೆ ಮಾತ್ರ ಏನೂ ಜರುಗುವುದಿಲ್ಲ, ಬೆಳಕು ಮತ್ತು ನೆನಪು ಸೇರಿ ಮನುಷ್ಯರನ್ನು ಆಟವಾಡಿಸುತ್ತವೆ ಅಂದರು. ಇರಬಹುದು. ಹಾಗಿದ್ದರೆ ಎಷ್ಟು ಚೆನ್ನಾಗಿತ್ತು. ಹೊರಡುವಾಗ ಮಾತ್ರ ಅವರು ಬಗ್ಗಿ ಆ ಜಾಗವನ್ನು ಇನ್ನೊಮ್ಮೆ ನೋಡಿ, "ಅಂಚಿನ್ಯಾಗ ಒಂದೂ ತುಂಡಾಗಿಲ್ಲಲ್ರಿ" ಅಂದರು. ಕೆಸರಿನ ಕುಣಿಯಾಗಿದ್ದರೆ ಕೆಲವಾದರೂ ಅರ್ಧ ಮುರಿದಿರಬೇಕಿತ್ತಂತೆ. ಇಲ್ಲಿ ಪ್ರತಿಯೊಂದೂ ಇಡಿಯಾಗಿ, ಒಳಗೆ ಮುಖಮಾಡಿ ಕೂತಿದೆ. ಅಷ್ಟು ಹೇಳಿ ಅವರು ಬ್ಲೌಸ್ ತೆಗೆದುಕೊಂಡು ಹೋದರು.

ಇಷ್ಟು ವರ್ಷ ಆ ಜಾಗ ಬೆಳೆಯುವುದನ್ನು ಕಂಡರೆ ನನಗೆ ಭಯವಾಗುತ್ತಿತ್ತು. ಬೆಳೆದಷ್ಟೂ ಒಳ್ಳೆಯದು ಎನ್ನುವುದು ನನಗೆ ತಿಳಿದದ್ದು ಈ ವರ್ಷ.

ಯುಗಾದಿಗೆ ಇನ್ನೂ ಸಮಯವಿತ್ತು. ಹಸಿರು ರೇಷ್ಮೆಯ ತುಂಡು ಚೆನ್ನಾಗಿ ಸಿಕ್ಕಿತೆಂದು ಮೊದಲೇ ಶುರುಮಾಡಿದೆ. ಕಲ್ಲನ್ನು ಒರೆಸಿ ಟೇಪು ಇಟ್ಟೆ. ಭುಜ ಹೋದ ವರ್ಷದ್ದೇ. ತಪ್ಪಿರಬೇಕೆಂದು ಮತ್ತೆ ಹಿಡಿದೆ. ತೋಳು, ಎದೆ, ಉದ್ದ, ಎಲ್ಲವೂ ಹೋದ ವರ್ಷದ್ದೇ. ನೂಲೆಳೆಯಷ್ಟೂ ಹೆಚ್ಚಿರಲಿಲ್ಲ. ಅಂಚಿನಲ್ಲಿ ಬೆರಳಾಡಿಸಿದೆ. ಕಿವಿ ಇಟ್ಟೆ. ಮಿಷನ್ನುಗಳ ಗದ್ದಲದಲ್ಲೂ ಆ ಚರಚರ ಕೇಳುತ್ತಿತ್ತು. ರೇಷ್ಮೆ ಮನೆಯವಳಾದ ನನಗೆ ಗೊತ್ತು, ಗೂಡು ಕಟ್ಟುವ ಮುಂಚೆ ಹುಳು ಮೇಯುವಾಗ ಸದ್ದು ಜೋರಾಗುತ್ತದೆ. ಇದೂ ಜೋರಾಗಿತ್ತು.

ಎಷ್ಟೋ ಹೊತ್ತು ಫೋನು ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ. ಕೊನೆಗೆ ತಂಗಿಗೆ ಮಾಡಿದೆ. ಭಾಗ್ಯ ಹೇಗಿದ್ದಾಳೆ ಅಂದೆ. "ಆಡ್ತವ್ಳೆ ಕಣಕ್ಕ, ಅವಳಿಗೇನು, ಗುಂಡ್ಕಲ್ಲು!" ಅಂದಳು. ಹಿಂದೆ ಮಗುವಿನ ಕೂಗಾಟ ಕೇಳಿಸುತ್ತಿತ್ತು. ಯುಗಾದಿಗೆ ಲಂಗ ಹೊಲಿಯುತ್ತಿದ್ದೇನೆ, ಒಮ್ಮೆ ಅಳತೆ ಹೇಳು ಅಂದೆ. ಅವಳು ನಕ್ಕಳು.

"ಈ ವರ್ಸ ಬೇಡ ಬಿಡಕ್ಕ. ಹೋದ ವರ್ಸದ್ದೇ ಹೊಲಿದಂಗೆ ಸರಿಯಾಗಿ ಆಗ್ತೈತೆ. ಒಂಚೂರೂ ಬಿಗಿ ಇಲ್ಲ."

ಡಾಕ್ಟರಿಗೆ ತೋರಿಸು ಎಂದು ಗಲಾಟೆ ಮಾಡಿ ಕಳಿಸಿದೆ. ತೋರಿಸಿದರು. ಏನೂ ಇಲ್ಲ, ಕೆಲವು ಮಕ್ಕಳು ಒಂದು ವರ್ಷ ನಿಧಾನ ಬೆಳೆಯುತ್ತವೆ, ಮುಂದಿನ ವರ್ಷ ಒಟ್ಟಿಗೇ ಉದ್ದವಾಗುತ್ತವೆ ಅಂದರಂತೆ. ಆ ಮಾತನ್ನು ನಾನು ದಿನಕ್ಕೆ ಎಷ್ಟು ಸಲ ಹೇಳಿಕೊಳ್ಳುತ್ತೇನೋ ಲೆಕ್ಕವಿಲ್ಲ. ಬೆಳಿಗ್ಗೆ ಅಂಗಡಿ ತೆಗೆದರೆ ಮೊದಲು ಕಲ್ಲಿನ ಮೇಲೆ ಟೇಪು, ಆಮೇಲೆ ದೇವರಿಗೆ ಊದುಬತ್ತಿ. ಆ ಪ್ರಾಣಿಗಳು ನನ್ನ ತಂಗಿಯ ಮಗುವನ್ನು ಅವತ್ತು ಉಳಿಸಿಕೊಟ್ಟವೋ, ಸ್ವಲ್ಪ ಕಾಲಕ್ಕೆಂದು ಕಳಿಸಿಕೊಟ್ಟಿವೆಯೋ, ಅಥವಾ ಸತ್ತು ಕಲ್ಲಾದವುಗಳಿಗೆ ನಮ್ಮ ಗೊಡವೆಯೇ ಇಲ್ಲವೋ, ನನಗೆ ಗೊತ್ತಿಲ್ಲ.

ತಂಗಿ ಬೇಡವೆಂದರೂ ಹಸಿರು ರೇಷ್ಮೆಯ ಲಂಗ ಬ್ಲೌಸು ಹೊಲಿದು ಮುಗಿಸಿದ್ದೇನೆ. ಕಲ್ಲಿನ ಮೇಲೆ ಕತ್ತರಿಸಲಿಲ್ಲ, ನಡುಮನೆಯಲ್ಲಿ ಚಾಪೆ ಹಾಸಿ ನೆಲದ ಮೇಲೆ ಕತ್ತರಿಸಿದೆ. ಭುಜದಲ್ಲಿ, ತೋಳಿನಲ್ಲಿ, ಎರಡೂ ಪಕ್ಕದಲ್ಲಿ, ಎಲ್ಲ ಕಡೆಯೂ ಒಳಗೆ, ಅತ್ತೆ ಹೇಳಿದ ಎರಡು ಬೆರಳಲ್ಲ, ನಾಲ್ಕು ನಾಲ್ಕು ಬೆರಳು ಬಟ್ಟೆ ಬಿಟ್ಟಿದ್ದೇನೆ. ಹಾಕಿಕೊಂಡರೆ ಮಗುವಿಗೆ ಒಳಗೆಲ್ಲ ದಪ್ಪ ದಪ್ಪ ಒತ್ತುತ್ತದೆ, ಬೈದುಕೊಳ್ಳುತ್ತಾಳೆ. ಬೈಯಲಿ. ಮುಂದಿನ ಯುಗಾದಿಗೆ ಬಿಗಿಯಾಯಿತು ದೊಡ್ಡಮ್ಮ, ಹೊಲಿಗೆ ಬಿಚ್ಚಿಕೊಡು ಎಂದು ಅವಳೇ ತಂದುಕೊಡಲಿ.